ಹೂವು ಬೀಳಿಸಿದ ಉಸಿರು

ದೇವರ ಬಲಗಡೆಗೆ ಹೂವು ಬಿದ್ದದ್ದು ದೇವರ ಅಪ್ಪಣೆಯಿಂದಲ್ಲ, ನನ್ನ ಬಾಯಿಯ ಗಾಳಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಪಕ್ಕದ ಮನೆಯ ಗೌರಮ್ಮ ಬೀದಿಗೆಲ್ಲ ಸಾರಿರುವ ಪವಾಡವನ್ನೇ ನೀವೂ ನಂಬಿಕೊಂಡು ಕೂರುತ್ತೀರಿ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು, ಪವಾಡದ ವಿಚಾರ ಹೆಚ್ಚು ತಿಳಿಯದು. ಆದರೆ ಒಲೆ ಊದಿ ಊದಿ ಬಾಳಿದವಳಿಗೆ ತನ್ನ ಗಾಳಿ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಗೊತ್ತಿರುತ್ತದೆ. ಇನ್ನು ನನ್ನ ಕೊರಳಿನ ಗಂಟು ಕೊನೆಗೆ ಏನಾಯಿತು ಎಂದು ಮಾತ್ರ ಕೇಳಬೇಡಿ. ಅದು ನನಗೂ ಇನ್ನೂ ಗೊತ್ತಿಲ್ಲ.

ಆ ಗಂಟು ಮೊದಲು ಸಿಕ್ಕಿದ್ದು ಸೊಸೆ ಶೈಲಾಳ ಬೆರಳಿಗೆ, ನನ್ನ ತಲೆಗೆ ಎಣ್ಣೆ ಹಚ್ಚುವಾಗ. ಹುಣಸೆ ಬೀಜದಷ್ಟಿತ್ತು. ನೋವಿಲ್ಲ, ತುರಿಕೆಯಿಲ್ಲ, ಬಾಡಿಗೆ ಕೊಡದ ಬಾಡಿಗೆದಾರನ ಹಾಗೆ ಸುಮ್ಮನೆ ಒಂದು ಮೂಲೆ ಹಿಡಿದು ಕೂತಿತ್ತು. ಹಿರಿಯೂರಿನ ಡಾಕ್ಟರು ಒತ್ತಿ ನೋಡಿ, "ಏನೂ ಇರಲಿಕ್ಕಿಲ್ಲ ಅಜ್ಜಿ. ಆದ್ರೂ ದುರ್ಗದ ದೊಡ್ಡಾಸ್ಪತ್ರೆಗೆ ಹೋಗಿ ಸೂಜಿ ಹಾಕಿ ಪರೀಕ್ಷೆ ಮಾಡಿಸಿಬಿಡ್ರಿ" ಎಂದರು. 'ಏನೂ ಇರಲಿಕ್ಕಿಲ್ಲ' ಎಂಬ ಮಾತು ಆಸ್ಪತ್ರೆಯ ಬಾಗಿಲಲ್ಲೇ ಉಳಿಯಿತು. 'ಆದ್ರೂ' ಮಾತ್ರ ನಮ್ಮ ಜೊತೆ ಮನೆಗೆ ಬಂದು, ನಮಗಿಂತ ಮೊದಲು ಹಾಸಿಗೆ ಹಾಸಿಕೊಂಡಿತು. ಅಂದಿನಿಂದ ನೋಡಲು ಬಂದವರೆಲ್ಲ ನನ್ನ ಕೊರಳು ಒತ್ತುವವರೇ. ನನ್ನ ಮಗ ತಿಪ್ಪೇಶ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಮಾಡುವವನು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗೆ ನೀರೆಷ್ಟಿದೆ ಎಂದು ಹೇಳಬಲ್ಲ. ಅವನೊಬ್ಬನೇ ನನ್ನ ಗಂಟು ಮುಟ್ಟಲಿಲ್ಲ. ದೂರದಿಂದ ನೋಡಿ ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದ. ಗೌರಮ್ಮ ಬಂದು, "ಸೂಜಿ ಗೀಜಿ ಹಾಕಿಸ್ಕಬ್ಯಾಡ ಕಣಕ್ಕ, ಕೆರಳ್ತೈತೆ. ಸುಮ್ನೆ ಬಿದ್ದಿರೋದನ್ನ ಯಾಕೆ ಎಬ್ಬಿಸ್ತೀಯ?" ಎಂದಳು, ತನ್ನ ಗಂಡನ ವಿಚಾರ ಹೇಳುವ ದನಿಯಲ್ಲೇ. ಶೈಲಾ ಡಾಕ್ಟರಿಗೇ ಫೋನು ಮಾಡಿ ಕೇಳಿ, ಹಾಗೆಲ್ಲ ಏನೂ ಆಗುವುದಿಲ್ಲ ಎಂದು ತಿಳಿದುಕೊಂಡಳು. ಆದರೆ ತಿಪ್ಪೇಶನ ಕಿವಿಗೆ ಮೊದಲು ಬಿದ್ದದ್ದು ಗೌರಮ್ಮನ ಮಾತು. "ನೋಡಾಣ, ನೋಡಾಣ" ಎಂದು ದಿನ ತಳ್ಳತೊಡಗಿದ. ನಾನೂ ತಳ್ಳಲಿ ಬಿಡು ಎಂದು ಸುಮ್ಮನಿದ್ದೆ. ಹಗಲೆಲ್ಲ ಧೈರ್ಯದ ಮಾತಾಡುತ್ತ, ಕೈ ಮಾತ್ರ ಕೊರಳ ಮೇಲೆ.

ನನ್ನ ಕೈ ಕೊರಳಿಗೆ ಹೋಗುವುದನ್ನು ನೋಡಿ ನೋಡಿ ಶೈಲಾ ಒಂದು ವಿದ್ಯೆ ಹೇಳಿಕೊಟ್ಟಳು. ಅವಳು ಬಬ್ಬೂರಿನ ಕೃಷಿ ಫಾರಮ್ಮಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಯಾರೋ ಬಂದು, ಚಿಂತೆಯಾದಾಗ ಉಸಿರನ್ನು ಗಮನಿಸುವುದು ಹೇಗೆ ಎಂದು ಪಾಠ ಮಾಡಿದ್ದರಂತೆ. "ಕುಂತ್ಕಳ್ರಿ ಅತ್ತೆ. ಮೂಗಿಂದ ನಿಧಾನಕ್ಕೆ ಎಳ್ಕಳ್ರಿ. ಬಾಯಿಂದ ಇನ್ನೂ ನಿಧಾನಕ್ಕೆ ಬಿಡ್ರಿ. ಬೇರೆ ಏನೂ ಮಾಡಬ್ಯಾಡ್ರಿ, ಉಸಿರನ್ನೇ ನೋಡ್ತಾ ಇರ್ರಿ."

"ಉಸಿರನ್ನ ಎಂಗೆ ನೋಡ್ಲೇ? ಅದಕ್ಕೇನು ಬಣ್ಣ ಐತಾ?"

"ಒಳಗೆ ಹೋಗೋವಾಗ ತಣ್ಣಗೆ, ಹೊರಗೆ ಬರೋವಾಗ ಬೆಚ್ಚಗೆ. ಅಷ್ಟು ನೋಡಿದ್ರೆ ಸಾಕು. ಮನಸ್ಸು ಓಡೋಗ್ತೈತೆ, ಓಡೋಗ್ಲಿ. ಬಯ್ಯಬ್ಯಾಡ್ರಿ, ಮೆತ್ತಗೆ ವಾಪಸ್ ಕರ್ಕಂಬರ್ರಿ."

ಇದೊಂದು ನನಗೆ ಒಪ್ಪಿಗೆಯಾಗಲಿಲ್ಲ. ನಾನು ತವರಿನಲ್ಲಿ ಕುರಿ ಕಾಯ್ದವಳು. ಪರರ ಹೊಲಕ್ಕೆ ನುಗ್ಗಿದ ಕುರಿ ಬಯ್ಯದೆ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ. "ನಿಮ್ ಮನಸ್ಸು ಕುರಿ ಅಲ್ಲ ಅತ್ತೆ" ಎಂದಳು ಶೈಲಾ. ಕೂತು ನೋಡಿದಾಗ ತಿಳಿಯಿತು, ಅವಳ ಮಾತು ನಿಜ, ಕುರಿಯೇ ವಾಸಿ. ಕುರಿ ಹೋದರೆ ಪಕ್ಕದ ಹೊಲಕ್ಕೆ ಹೋಗುತ್ತದೆ. ನನ್ನ ಮನಸ್ಸು ಎರಡು ಉಸಿರಿನೊಳಗೆ ದುರ್ಗಕ್ಕೆ ಹೋಗಿ, ಆಪರೇಷನ್ ಮಾಡಿಸಿಕೊಂಡು, ಸತ್ತು, ತಿಥಿಯ ವಡೆಗೆ ಉಪ್ಪು ಕಡಿಮೆಯಾಯಿತೆಂದು ಜಗಳವಾಡಿ ವಾಪಸ್ ಬಂದಿರುತ್ತಿತ್ತು. ಆದರೂ ಬಿಡದೆ ಬೆಳಿಗ್ಗೆ ಸಂಜೆ ಕೂತೆ. ಚಿಂತೆಯೇನೂ ಹೋಗಲಿಲ್ಲ, ಸುಳ್ಳು ಹೇಳುವುದಿಲ್ಲ. ಎದೆಯ ಮೇಲೆ ಕೂತಿದ್ದದ್ದು ಇಳಿದು ಪಕ್ಕದಲ್ಲಿ ಕೂತಿತು, ಅಷ್ಟೆ. ಅಷ್ಟರಿಂದ ಎರಡು ಮುದ್ದೆ ಒಳಗೆ ಇಳಿಯುವಂತಾಯಿತು.

ಕಷ್ಟವೇನೆಂದರೆ ನಮ್ಮ ಮನೆಯವರಿಗೆ ರೂಢಿಯಲ್ಲಿರುವುದು ಇದರ ತದ್ವಿರುದ್ಧದ ವಿದ್ಯೆ. ಏನೇ ಅನುಮಾನ ಬರಲಿ, ಹೆಣ್ಣು ನೋಡುವುದಿರಲಿ, ಎಮ್ಮೆ ಕೊಳ್ಳುವುದಿರಲಿ, ಮನೆದೇವರ ತಲೆಯ ಮೇಲೆ ಒಂದು ಒದ್ದೆ ಹೂವಿಟ್ಟು ಅಪ್ಪಣೆ ಕೇಳುತ್ತೇವೆ. ಹೂವು ಬಲಕ್ಕೆ ಬಿದ್ದರೆ ಶುಭ, ಎಡಕ್ಕೆ ಬಿದ್ದರೆ ಅಲ್ಲ. ಅದು ಬೀಳುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರಬೇಕು. ನಾನು ಚಿಕ್ಕಂದಿನಿಂದ ಹಾಗೆ ಕೂತು ಕೂತು, ಹೂವು ಬೀಳುವ ಹೊತ್ತಿಗೆ ಕಣ್ಣು ಕತ್ತಲೆ ಬರುವಷ್ಟು ಪಳಗಿದ್ದೇನೆ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವ ಹಾಗಿಲ್ಲ. ದೇವರ ಮಾತಿಗೆ ಎದುರು ಮಾತಾಡಿದಂತಾಗುತ್ತದೆ.

ತಿಪ್ಪೇಶ ಒಂದು ಸಂಜೆ ಮಂಡಿಯಿಂದ ಬಂದವನೇ ಕೈಕಾಲು ತೊಳೆದು, "ಅವ್ವ, ಹೂ ಕೇಳಿಬಿಡಾಣ. ಗಂಟಲ್ಲಿ ಏನೂ ಇಲ್ಲ ಅನ್ನಂಗಿದ್ರೆ ಬಲಕ್ಕೆ ಕೊಡ್ಲಿ, ದುರ್ಗಕ್ಕೆ ಹೋಗೋದು ಬ್ಯಾಡ. ಎಡಕ್ಕೆ ಕೊಟ್ರೆ ಹೋಗಾಣ" ಎಂದ. ಶೈಲಾ ಗಂಡನ ಮುಖ ನೋಡಿ, ಹೂವು ಕೀಳಲು ಹಿತ್ತಲಿಗೆ ಹೋದಳು. ಮೊದಲಾಗಿದ್ದರೆ ನಾನು ನೆಲದ ಮೇಲೆ ಕೂರುತ್ತಿದ್ದೆ, ಯಾವ ಅನಾಹುತವೂ ಆಗುತ್ತಿರಲಿಲ್ಲ. ಈಗ ಮೊಣಕಾಲು ಮಡಚಲು ಬಾರದು. ಪ್ಲಾಸ್ಟಿಕ್ ಕುರ್ಚಿ ತಂದು ದೇವರ ಗೂಡಿನ ಎಡಮಗ್ಗುಲಿಗೆ ಹಾಕಿಕೊಟ್ಟರು. ಕೂತರೆ ನನ್ನ ಬಾಯಿಯೂ ದೇವರ ತಲೆಯೂ ಒಂದೇ ಮಟ್ಟ. ತಿಪ್ಪೇಶ ಕಣಗಿಲೆ ಹೂವಿಟ್ಟು ಕೈಮುಗಿದು ನಿಂತ. ಬಂದು ಸೇರಿಕೊಂಡ ಗೌರಮ್ಮ ಉಸಿರು ಬಿಗಿಹಿಡಿದಳು. ಹೂವು ಅಲುಗಲಿಲ್ಲ. ಮಗ ಮುಗಿದ ಕೈಯನ್ನು ಹಣೆಗೆ ಒತ್ತಿಕೊಂಡ. ಅದನ್ನು ನೋಡಿ ನನ್ನ ಎದೆ ಡವಗುಟ್ಟತೊಡಗಿತು. ಡವಗುಟ್ಟಿದರೆ ಏನು ಮಾಡಬೇಕೆಂದು ಸೊಸೆ ಕಲಿಸಿದ್ದಳಲ್ಲ, ಮೂಗಿಂದ ಎಳೆದುಕೊಂಡೆ, ಬಾಯಿಂದ ಬಿಟ್ಟೆ. ಅವಳು ಹೇಳಿದ್ದು ಮೆತ್ತಗೆ ಬಿಡಲು. ನನ್ನ ತುಟಿಗೆ ಬರುವುದು ಒಲೆ ಊದುವುದೊಂದೇ. ಹೂವು ಒಮ್ಮೆ ತಲೆದೂಗಿ ಬಲಕ್ಕೆ ಉರುಳಿತು.

"ಕೊಟ್ಟ! ಅಪ್ಪ ಕೊಟ್ಟುಬಿಟ್ಟ!" ಎಂದು ಗೌರಮ್ಮ ಕೂಗಿದಳು. ತಿಪ್ಪೇಶ ನನ್ನ ಕಾಲ ಹತ್ತಿರ ಕುಸಿದು ಕೂತು, ದೊಡ್ಡ ಗಂಡಸು, ಮಕ್ಕಳ ಹಾಗೆ ಅತ್ತ. ಆಮೇಲೆ ಪೇಟೆಗೆ ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಎಲ್ಲರೂ ತಿಂದೆವು. ನಾನೂ ತಿಂದೆ. ಖಾರ ಚೆನ್ನಾಗಿತ್ತು.

ಅಡುಗೆಮನೆಯಲ್ಲಿ ಶೈಲಾ ಪಾತ್ರೆ ತಿಕ್ಕುತ್ತ, ತಲೆ ಎತ್ತದೆ, "ಅತ್ತೆ, ಇವತ್ತು ಉಸಿರು ಚೆನ್ನಾಗಿ ಬಿಟ್ರಿ" ಎಂದಳು.

"ನೋಡಿದ್ಯಾ?"

"ನನ್ನ ಕಣ್ಣು ಹೂವಿನ ಮೇಲೇ ಇತ್ತಲ್ಲ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನಿಮ್ ಮಗ ಅಳ್ತಿದ್ರು. ನೀವು ಮೆಣಸಿನಕಾಯಿ ತಿಂತಿದ್ರಿ. ನಾನೊಬ್ಬಳೇ ಕೆಟ್ಟೋಳಾಗ್ಲಾ?"

ಮಲಗಿಕೊಂಡು ನಾನು ದೇವರ ಪರವಾಗಿ ವಾದ ಹೂಡಿದೆ. ಉಸಿರು ಕೊಟ್ಟವನು ಅವನೇ ತಾನೇ, ನನ್ನ ಬಾಯಿಂದಲೇ ಅವನು ಊದಿಸಿರಬಾರದೇಕೆ? ವಾದ ಚೆನ್ನಾಗಿಯೇ ಇತ್ತು. ಆದರೆ ಪರೀಕ್ಷೆ ಬರೆದವಳೇ ತನಗೆ ತಾನೇ ಮಾರ್ಕು ಹಾಕಿಕೊಂಡರೆ ಅದನ್ನು ಪಾಸು ಅನ್ನುವುದಿಲ್ಲ ಎನ್ನುವಷ್ಟನ್ನು ಮೂರನೇ ಕ್ಲಾಸಿನಲ್ಲೂ ಕಲಿಸಿರುತ್ತಾರೆ. ಗಂಟಿಗೆ ಹೂವು ಯಾವ ಕಡೆ ಬಿತ್ತೆಂದು ಗೊತ್ತೂ ಇಲ್ಲ.

ಮಾರನೆಯ ಬೆಳಿಗ್ಗೆ ತಿಪ್ಪೇಶ ಹಲ್ಲುಜ್ಜುತ್ತಿದ್ದಾಗಲೇ ಹೇಳಿದೆ: "ಲೇ, ಹೂ ಬಿದ್ದದ್ದು ನನ್ನ ಬಾಯಿ ಗಾಳಿಗೆ. ಬಟ್ಟೆ ಹಾಕ್ಕ, ದುರ್ಗಕ್ಕೆ ಹೋಗಾಣ." ಬಾಯ್ತುಂಬ ನೊರೆ ಇಟ್ಟುಕೊಂಡು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. ಬಾಯಿ ಮುಕ್ಕಳಿಸಿ, "ಹೆದ್ರಿಕೆ ಆಗ್ತೈತವ್ವ" ಎಂದ. "ನನಗೂ ಆಗ್ತೈತೆ. ನಡಿ" ಎಂದೆ. ಬಸ್ಸಿನಲ್ಲಿ ಅವನಿಗೂ ಉಸಿರಾಟದ ಪಾಠ ಮಾಡಿದೆ. ಮುಂದಿನ ಸೀಟಿನ ಹೆಂಗಸಿನ ಮುಡಿಯಲ್ಲಿ ಹೂವಿದ್ದದ್ದರಿಂದ, ಕಿಟಕಿಯ ಕಡೆಗೆ ಬಿಡು ಎಂದೂ ಹೇಳಿದೆ. ದುರ್ಗದಲ್ಲಿ ಮಂಚದ ಮೇಲೆ ಮಲಗಿಸಿ, ಕೊರಳಿಗೆ ಸ್ಪಿರಿಟ್ ಒರೆಸಿದರು. ನಾನು ಕಣ್ಣು ಮುಚ್ಚಿ ಸೊಸೆ ಹೇಳಿಕೊಟ್ಟಂತೆ ನಿಧಾನವಾಗಿ ಎಳೆದು, ನಿಧಾನವಾಗಿ ಬಿಡತೊಡಗಿದೆ. ಸೂಜಿ ಹಿಡಿದಿದ್ದ ಹುಡುಗಿ ಗದರಿದಳು: "ಅಜ್ಜಿ, ಅಲ್ಲಾಡಬ್ಯಾಡ್ರಿ! ಸ್ವಲ್ಪ ಹೊತ್ತು ಉಸಿರು ಬಿಗಿ ಹಿಡ್ಕಳ್ರಿ."

ಹಿಡಿದೆ. ಅದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.