ಅತ್ತೆಯವರ ಚರಗ ಮತ್ತು ನನ್ನ ದೋಣಿಯ ಮೋಟರ್

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಕುಳಗೇರಿ ಕ್ರಾಸಿನಿಂದ ಮರೋಳದವರೆಗೆ ಯಾವ ಬಾವಿಯ ಮೋಟರ್ ಮುನಿಸಿಕೊಂಡರೂ ರೈತರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಹೀಗಿರುವಾಗ ದೋಣಿಯ ಮೋಟರ್ ನನಗೇನು ಮಹಾ? ಅದೂ ಮೋಟರ್, ಇದೂ ಮೋಟರ್. ಎರಡಕ್ಕೂ ನೀರಿನ ಜೊತೆಗೇ ಸಂಸಾರ. ಇಷ್ಟೇ ತರ್ಕವನ್ನು ನಂಬಿ ಒಂದಿಡೀ ಕುಟುಂಬವನ್ನು ದೋಣಿ ಹತ್ತಿಸಿದವನು ನಾನು!

ಎಲ್ಲಾ ನಮ್ಮ ಅತ್ತೆಯವರಿಗಾಗಿ. ಅವರ ಹೊಲದ ಬಹುಪಾಲು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. ಉಳಿದಿರುವ ತುಂಡು ಆಚೆ ದಂಡೆಯಲ್ಲಿದೆ. ಎಳ್ಳಮಾವಾಸ್ಯೆಗೆ ಅಲ್ಲಿಗೆ ಹೋಗಿ ಚರಗ ಚೆಲ್ಲಬೇಕು. ಮಾಡಿದ ಅಡುಗೆಯನ್ನೆಲ್ಲ ಮೊದಲು ಭೂಮಿತಾಯಿಗೆ ಉಣಿಸಿ, ಆಮೇಲೆ ನಾವು ಉಣ್ಣಬೇಕು. ಹೋದ ವರ್ಷ ಅತ್ತೆಯವರಿಗೆ ಮೊಳಕಾಲು ನೋವು. ಟ್ರ್ಯಾಕ್ಟರಿನ ಕುಲುಕಾಟ ತಾಳಲಾರೆ ಎಂದು ಮನೆಯಲ್ಲೇ ಉಳಿದರು. ನಾವೆಲ್ಲ ಹೋದ ಮೇಲೆ ಒಬ್ಬರೇ ಕೂತು ಅತ್ತರಂತೆ. ನನ್ನ ಹೆಂಡತಿ ಸುವರ್ಣಾ ಇದನ್ನು ಹೇಳಿದಾಗ ನನಗೆ ಬಹಳ ಕೆಟ್ಟದೆನಿಸಿತು.

"ಈ ವರ್ಷ ಅತ್ತಿಯವರು ನೀರಿನ ಮ್ಯಾಲ ಹೊಲಕ್ಕ ಹೋಗ್ತಾರ. ಅಂಗೈಮ್ಯಾಲ ಇಟಗೊಂಡು ಹೋದಂಗ ಒಯ್ತೇನಿ!" ಎಂದು ಘೋಷಿಸಿದೆ.

ಸುವರ್ಣಾಳ ತಮ್ಮ ಮಲ್ಲುವಿನ ಬಳಿ ಮೇವು ಸಾಗಿಸುವ ಫೈಬರ್ ದೋಣಿ ಇತ್ತು. ಕಾರವಾರದ ಕಡೆಯಿಂದ ಒಂದು ಹಳೆಯ ಮೋಟರ್ ತರಿಸಿ ಅದರ ಹಿಂದಿನ ಹಲಗೆಗೆ ಕಚ್ಚಿಸಿದೆವು. ಜೊತೆಗೆ ಎರಡು ಪ್ರೊಪೆಲ್ಲರ್ ಬಂದಿದ್ದವು, ಒಂದು ಸಣ್ಣದು, ಒಂದು ದೊಡ್ಡದು. ಸಣ್ಣದನ್ನು ಹಾಕಿ ಒಂದು ಸುತ್ತು ಹೊಡೆದೆವು. ದೋಣಿ ಚೆನ್ನಾಗಿಯೇ ಓಡಿತು. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಚೆನ್ನಾಗಿ ಓಡುವುದನ್ನು ಇನ್ನಷ್ಟು ಚೆನ್ನಾಗಿ ಓಡಿಸದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

"ಮಲ್ಲೂ, ಪಂಪಿನೊಳಗ ದೊಡ್ಡ ಇಂಪೆಲ್ಲರ್ ಚಕ್ರ ಹಾಕಿದ್ರ ನೀರು ಜೋರ ಬರ್ತೈತಿ. ಹೌದಿಲ್ಲೋ? ಪೈಪಿನ ಬುಡದ ಫುಟ್‌ವಾಲ್ ಆಳಕ್ಕ ಬಿಟ್ರ ನೀರು ಕಡಿಯಂಗಿಲ್ಲ. ಹೌದಿಲ್ಲೋ?"

"ಹೌದ್ರಿ ಮಾಮಾ. ಆದ್ರ ಇದು ದೋಣಿ ಐತ್ರಿ."

"ಇದು ದೋಣಿ ಅಂತ ನೀರಿಗೇನ್ ಗೊತ್ತಲೇ?"

ನಾನು ದೊಡ್ಡ ಪ್ರೊಪೆಲ್ಲರ್ ಬಿಗಿದೆ. ಮೋಟರನ್ನು ಹಲಗೆಗೆ ಕಚ್ಚಿಸುವ ಹಿಡಿಕೆಯ ಕೆಳಗೆ ಎತ್ತರಕ್ಕೆಂದು ಕೊಟ್ಟಿದ್ದ ಮರದ ಪಟ್ಟಿಯನ್ನು ಕಿತ್ತು, ಮೋಟರನ್ನು ಆದಷ್ಟು ಆಳಕ್ಕೆ ಇಳಿಸಿದೆ. ದೋಣಿಯಲ್ಲಿದ್ದ ಹುಟ್ಟನ್ನು ದಂಡೆಗೆ ಎಸೆದೆ. ಮೋಟರ್ ಇರುವಾಗ ಹುಟ್ಟು ಇಟ್ಟುಕೊಳ್ಳುವುದು ಮೋಟರಿಗೆ ಮಾಡುವ ಅವಮಾನವಲ್ಲವೇ? ಸುವರ್ಣಾ ಮಾತ್ರ ಸಣ್ಣ ಪ್ರೊಪೆಲ್ಲರನ್ನೂ ಮರದ ಪಟ್ಟಿಯನ್ನೂ ಟವೆಲಿನಲ್ಲಿ ಸುತ್ತಿ ದೋಣಿಯೊಳಗೆ ಇಟ್ಟಳು. ಗಂಡನ ಜಾಣತನದ ಪರಿಚಯ ಅವಳಿಗೆ ಮದುವೆಯಾದಾಗಿನಿಂದ ಇದೆ.

ಅಮಾವಾಸ್ಯೆಯ ಬೆಳಿಗ್ಗೆ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡಬು, ಶೇಂಗಾ ಹೋಳಿಗೆ, ಒಂದು ಗಡಿಗೆ ಅಂಬಲಿ ದೋಣಿಗೆ ಏರಿದವು. ನೆಲದ ಮೇಲೆ ಕೂರಲಾಗದ ಅತ್ತೆಯವರು ತಮ್ಮ ಮಣೆಯ ಸಮೇತ ಏರಿದರು. ಸುವರ್ಣಾ, ಮಲ್ಲು, ನಾನು ಹತ್ತಿದೆವು. ಮಲ್ಲುವಿನ ಹೆಂಡತಿ ರೇಣುಕಾ ಮಕ್ಕಳೊಂದಿಗೆ ಟ್ರ್ಯಾಕ್ಟರಿನಲ್ಲಿ ಸುತ್ತುದಾರಿ ಹಿಡಿದಳು.

"ರೇಣುಕಾ, ನೀವು ಬರೂದ್ರಾಗ ನಾವು ಬಂದು ಒಂದು ನಿದ್ದಿ ತಗದಿರ್ತೀವಿ!" ಎಂದು ಕೂಗಿ ಮೋಟರಿನ ಹಗ್ಗ ಎಳೆದೆ.

ಮೋಟರ್ ಗುಡುಗಿತು. ದೋಣಿಯ ಮೂಗು ಆಕಾಶ ನೋಡಿತು, ಹಿಂಭಾಗ ನೀರಿನಲ್ಲಿ ಕುಸಿಯಿತು. ಆಳಕ್ಕಿಳಿದ ಮೋಟರ್ ನೀರನ್ನು ಉಳುತ್ತಾ ನಮ್ಮ ಬೆನ್ನಿಗೆ ಎರಚತೊಡಗಿತು. ತುಂಬಿದ ಟ್ರೇಲರನ್ನು ಟಾಪ್ ಗೇರಿನಲ್ಲಿ ದಿಬ್ಬ ಹತ್ತಿಸಿದಂತೆ ಎಂಜಿನ್ನು ಕುಂಯ್‌ಗುಟ್ಟಿತು. ಸದ್ದು ಹೆಚ್ಚಿತು, ಹೊಗೆ ಹೆಚ್ಚಿತು, ದೋಣಿ ಮಾತ್ರ ತೆವಳಿತು. ಅಷ್ಟರಲ್ಲಿ ಮಲ್ಲುವಿನ ಫೋನ್ ರಿಂಗಾಯಿತು. ಆಗಲೇ ಹೊಲ ಮುಟ್ಟಿದ್ದ ರೇಣುಕಾ ಎಲ್ಲಿದ್ದೀರಿ ಎಂದು ಕೇಳುತ್ತಿದ್ದಳು.

"ದಂಡಿಗೆ ನಿಂತು ನೋಡು, ಕಾಣ್ತೀವಿ. ಆದ್ರ ಬರಾಕತ್ತಿಲ್ಲ!" ಎಂದ ಮಲ್ಲು.

ನನ್ನ ಮಾನ ಹಿನ್ನೀರಿನ ಪಾಲಾಗುತ್ತಿತ್ತು. ಮೋಟರ್ ಬಂದ್ ಮಾಡಿ ಗಾಢವಾಗಿ ಚಿಂತಿಸಿದೆ. ಆಳ ಹೆಚ್ಚಾದ್ದರಿಂದ ತೊಂದರೆ ಎಂದಾದರೆ ಎತ್ತರ ಹೆಚ್ಚಿಸಿದರೆ ಸುಖ! ಹಿಡಿಕೆಯ ಕೆಳಗೆ ಕೊಡಲು ದಪ್ಪನೆಯ ಮರ ಬೇಕಿತ್ತು. ಕಣ್ಣು ಅತ್ತೆಯವರ ಮಣೆಯ ಮೇಲೆ ಬಿತ್ತು.

"ಅತ್ತಿಯವರ, ಸ್ವಲ್ಪ ಏಳ್ತೀರೇನ್ರಿ?"

ಪಾಪ, ಅವರು ಮಗಳ ಹೆಗಲು ಹಿಡಿದು ಎದ್ದು ಮಣೆ ಕೊಟ್ಟರು. ಅದನ್ನು ಹಿಡಿಕೆಯ ಕೆಳಗಿಟ್ಟು ಮೋಟರ್ ಏರಿಸಿ ಹಗ್ಗ ಎಳೆದೆ. ಈ ಸಲ ಎಂಜಿನ್ನು ಕಿರುಚಿತು! ಪ್ರೊಪೆಲ್ಲರ್ ಅರ್ಧ ನೀರು ಅರ್ಧ ಗಾಳಿ ಕಡೆದು ಬರೀ ನೊರೆ ಎಬ್ಬಿಸಿತು. ದೋಣಿ ನಿಂತಲ್ಲೇ ನಿಂತಿತ್ತು. ಮೋಟರಿನ ಪಕ್ಕದ ತೂತಿನಿಂದ ಪಿಚಕಾರಿಯಂತೆ ಹಾರಬೇಕಾದ, ಎಂಜಿನ್ನನ್ನು ತಂಪಾಗಿಡುವ ನೀರೂ ನಿಂತುಹೋಯಿತು. ಇಪ್ಪತ್ತು ವರ್ಷದ ನನ್ನ ಅನುಭವ ತಟ್ಟನೆ ಜಾಗೃತವಾಯಿತು.

"ಗಾಳಿ ಹಿಡದೈತಿ!" ಎಂದೆ.

ಪಂಪಿಗೆ ಗಾಳಿ ಹಿಡಿದರೆ ನಾವು ಸಗಣಿ ನೀರು ಹುಯ್ಯುತ್ತೇವೆ. ಸೋರುವ ಸಂದುಗಳು ಮುಚ್ಚಿ ಪಂಪು ನೀರೆತ್ತುತ್ತದೆ. ನಡುನೀರಿನಲ್ಲಿ ಸಗಣಿ ಎಲ್ಲಿಂದ ತರಲಿ? ಅದರ ಹದಕ್ಕೆ ಹತ್ತಿರವಾದದ್ದು ಒಂದೇ ಇತ್ತು.

"ಸುವರ್ಣಾ, ಒಂದು ತಂಬಿಗಿ ಅಂಬಲಿ ಕೊಡು."

"ಹಸಿವಾತೇನ್ರಿ? ಚರಗ ಚೆಲ್ಲೂಮಟಾ ತಡಕೋರಿ."

"ನನಗಲ್ಲ. ಮೋಟರಿಗೆ."

ಸುವರ್ಣಾ ಗಡಿಗೆಯನ್ನು ಎರಡೂ ತೋಳಿಂದ ಅಪ್ಪಿಕೊಂಡಳು. "ಭೂಮಿತಾಯಿಗಿಂತ ಮೊದಲ ನಿಮ್ಮ ಮೋಟರ್ ಉಣಬೇಕೇನು? ಕೈ ಹಚ್ಚಿದ್ರ ನಿಮ್ಮನ್ನ ನೀರಿಗೆ ದೂಡ್ತೇನಿ ನೋಡ್ರಿ!"

ಈ ಧರ್ಮಸೂಕ್ಷ್ಮದ ಚರ್ಚೆ ನಡೆದಿರುವಾಗಲೇ ಮೋಟರ್ ಕಾದು ಕೆಂಡವಾಗಿ ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು. ಹುಟ್ಟು ದಂಡೆಯ ಮೇಲೆ ಕ್ಷೇಮವಾಗಿತ್ತು. ಬಿಸಿಲು ನೆತ್ತಿಗೇರುತ್ತಿತ್ತು. ಮಣೆ ಕಳೆದುಕೊಂಡ ಅತ್ತೆಯವರು ದೋಣಿಯ ಅಂಚಿಗೊರಗಿ ತಮ್ಮ ಹೊಲದ ದಿಕ್ಕಿಗೆ ನೋಡುತ್ತಿದ್ದರು. ಒಂದು ಮಾತು ಬೈದಿದ್ದರೂ ನನಗೆ ಹಗುರವಾಗುತ್ತಿತ್ತು. ಈ ವರ್ಷವೂ ಅವರಿಗೆ ಚರಗ ತಪ್ಪಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಕೊನೆಗೆ ದೂರದಲ್ಲಿ ಬಲೆ ಎತ್ತುತ್ತಿದ್ದ ತೆಪ್ಪದವನನ್ನು ಮಲ್ಲು ಕೂಗಿ ಕರೆದ. ಅವನು ಬಂದು ನನ್ನ ಮೋಟರನ್ನು ನೋಡಿದ, ಮೋಟರಿನ ಕೆಳಗಿನ ಮಣೆಯನ್ನು ನೋಡಿದ, ನನ್ನ ಮುಖ ನೋಡಿದ. ಆಮೇಲೆ ದೋಣಿಗೆ ಹಗ್ಗ ಕಟ್ಟಿಕೊಂಡು ಹುಟ್ಟು ಹಾಕತೊಡಗಿದ. ಸದ್ದಿಲ್ಲ, ಹೊಗೆಯಿಲ್ಲ. ಅತ್ತೆಯವರಿಗೆ ಇದ್ದಕ್ಕಿದ್ದಂತೆ ಜೀವ ಬಂತು.

"ಇಲ್ಲೇ ನೋಡವಾ ಸುವರ್ಣಾ, ನಮ್ಮ ಬಾವಿ ಇತ್ತು. ಆ ಕಡೆ ಬೇವಿನ ಗಿಡ. ನಿಮ್ಮಪ್ಪ ಅದರ ಬುಡಕ್ಕ ಕುಂತ ಬುತ್ತಿ ಬಿಚ್ಚತಿದ್ರು," ಎಂದು ಬರೀ ನೀರನ್ನು ತೋರಿಸುತ್ತಾ ಹೋದರು. ನಾವೂ ಬಗ್ಗಿ ಬಗ್ಗಿ ನೋಡಿದೆವು.

ದಂಡೆ ಮುಟ್ಟಿದಾಗ ರೇಣುಕಾಳ ಮಕ್ಕಳು ಹಸಿದು ಅಳುತ್ತಿದ್ದವು. ಅತ್ತೆಯವರು ಮಗನ ಕೈ ಹಿಡಿದು ಕುಂಟುತ್ತಲೇ ಹೊಲವೆಲ್ಲ ಸುತ್ತಿ, "ಹುಲಿಗ್ಯೋ ಹುಲಿಗ್ಯೋ" ಎಂದು ವಾಡಿಕೆಯಂತೆ ಕೂಗುತ್ತಾ ಚರಗ ಚೆಲ್ಲಿದರು. ಅವರ ಮುಖ ನೋಡಿ ನನಗೆ ಹೋದ ಉಸಿರು ಬಂದಂತಾಯಿತು. ತೆಪ್ಪದವನನ್ನೂ ಕೂರಿಸಿ ಎಲ್ಲರೂ ಉಂಡೆವು. ಅತ್ತೆಯವರು ಅವನ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿದರು. ನನಗೂ ಒಂದು ಹಾಕಿದರು.

ಉಂಡಾದ ಮೇಲೆ ತಣ್ಣಗಾಗಿದ್ದ ಮೋಟರಿಗೆ ಸುವರ್ಣಾಳ ಟವೆಲಿನಲ್ಲಿದ್ದ ಸಣ್ಣ ಪ್ರೊಪೆಲ್ಲರ್ ಹಾಕಿದೆ. ಮರದ ಪಟ್ಟಿಯನ್ನು ಮೊದಲಿನ ಜಾಗಕ್ಕೇ ಕೊಟ್ಟೆ. ಪ್ರೊಪೆಲ್ಲರಿನ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳಕ್ಕೆ ಸಮನಾಗಿ ನಿಂತಿತು, ಹೆಚ್ಚು ಆಳವೂ ಅಲ್ಲ, ಹೆಚ್ಚು ಎತ್ತರವೂ ಅಲ್ಲ. ಅಂದರೆ, ನಾನು ಕೈ ಹಚ್ಚುವ ಮೊದಲು ಹೇಗಿತ್ತೋ ಹಾಗೆ!

"ಈಗ ಹತ್ರಿ ಎಲ್ಲಾರೂ!" ಎಂದೆ. ಎಲ್ಲರೂ ಹತ್ತಿದರು. ಟ್ರ್ಯಾಕ್ಟರನ್ನು. ಮೊಳಕಾಲಿನ ದೆಸೆಯಿಂದ ಅತ್ತೆಯವರೊಬ್ಬರು ನನ್ನ ಪಾಲಿಗೆ ಉಳಿದರು.

ಹಗ್ಗ ಎಳೆದೆ. ದೋಣಿ ಮೂಗು ತಗ್ಗಿಸಿ ನೀರನ್ನು ಸವರಿಕೊಂಡು ಹಾರಿತು. ಆಹಾ, ಏನು ವೇಗ! ಎಂಜಿನ್ನು ಹಾಡುತ್ತಿತ್ತು. ಅತ್ತೆಯವರು ಸೆರಗು ಬಿಗಿಹಿಡಿದು ಕಣ್ಣು ಮುಚ್ಚಿ ಕೂತಿದ್ದರು. ಕಣ್ಣು ಬಿಡುವಷ್ಟರಲ್ಲಿ ಈಚೆ ದಂಡೆ ಬಂದಿತ್ತು.

"ಹೆಂಗನಿಸ್ತ್ರಿ ಅತ್ತಿಯವರ?" ಎಂದು ಎದೆಯುಬ್ಬಿಸಿ ಕೇಳಿದೆ.

"ಚೊಲೋ ಓಡಸ್ತೀರಿ ಅಳಿಯಂದ್ರ. ಆದ್ರ ಬಾವಿ ಯಾವಾಗ ಹೋತು, ಗಿಡ ಯಾವಾಗ ಹೋತು, ತಿಳೀಲೇ ಇಲ್ಲ ನೋಡ್ರಿ," ಎಂದು ನನ್ನ ಕೈ ಹಿಡಿದು ಇಳಿದರು. "ಹೋಗೂ ಮುಂದ ಭಾಳ ಚೊಲೋ ಇತ್ತು. ಮುಂದಿನ ವರ್ಷ ಆ ತೆಪ್ಪದಾಂವಗ ಮೊದಲ ಹೇಳಿಬಿಡ್ರಿ."

ಹೇಳುವ ತೊಂದರೆ ನನಗಿರಲಿಲ್ಲ. ಅವನ ಫೋನ್ ನಂಬರನ್ನು ಸುವರ್ಣಾ ಹೊಲದಲ್ಲೇ ಬರೆಸಿಕೊಂಡಿದ್ದಳು. ಹೆಸರು ಕೇಳುವುದು ಮರೆತಳಂತೆ. ‘ಮೋಟರ್’ ಅಂತ ಸೇವ್ ಮಾಡಿದ್ದಾಳೆ!