ಅಜ್ಜನ ಬಂದೂಕಿಗೆ ಒಸಡಿನ ಬಣ್ಣ

ಬೋಳುಬಾಯಿಗಳಿಗೆ ಹಲ್ಲು ಕೂರಿಸಿದ ಕೈಗೆ ಬಂದೂಕೇನು ಮಹಾ ಎಂದುಕೊಂಡದ್ದೇ ದವಡೆ ಮೇಷ್ಟ್ರ ಮೊದಲ ತಪ್ಪು. ಮೂವತ್ತು ವರ್ಷ ಕಟ್ಟುಹಲ್ಲಿನ ಸೆಟ್ಟು ಮಾಡಿ ಊರವರಿಂದ ಆ ಹೆಸರು ಪಡೆದ ಈ ಮನುಷ್ಯ ಅತ್ತೆಮನೆಗೆ ಒಂದು ಮೊಳೆ ಹೊಡೆದುಕೊಟ್ಟವರಲ್ಲ. ಈಗ ಹೆಂಡತಿಯ ಅಜ್ಜನ ಬತ್ತಿ ಬಂದೂಕನ್ನು ಉದ್ಧಾರ ಮಾಡಲು ಹೊರಟಿದ್ದರು. ಕೀಲು ಒತ್ತಿದರೆ ಉರಿಯುವ ಬತ್ತಿ ಬಾಗಿ ಮದ್ದಿಗೆ ಕಿಡಿ ಮುಟ್ಟಿಸುವ ಕಾಲದ ಬಂದೂಕು ಅದು. ಬತ್ತಿ ಹಿಡಿಯುವ ಕೊಕ್ಕು, ಮದ್ದಿನ ಬಟ್ಟಲಿನ ಮುಚ್ಚಳ ಎರಡೂ ಎಂದೋ ಕಳೆದುಹೋಗಿದ್ದವು.

"ಮ್ಯೂಸಿಯಮ್ಮಿಗೆ ಕೇಳಿದ್ದೀನಿ, ಅವರು ಬೇಡ ಅಂದ್ರೆ ಗುಜರಿಗೆ ಹಾಕ್ಬಿಡ್ತೀನಿ ಭಾವ," ಎಂದಿದ್ದ ಹೆಂಡತಿಯ ತಮ್ಮ. ಅದನ್ನು ಕೇಳಿದ ಹೆಂಡತಿ ಒಂದಿಡೀ ದಿನ ಮಾತಾಡಿರಲಿಲ್ಲ. (ಮಾತು ನಿಂತರೇ ಮೇಷ್ಟ್ರಿಗೆ ಗಾಬರಿ.)

ಅವರಿಗೆ ಗೊತ್ತಿದ್ದ ದಾರಿ ಒಂದೇ. ಭಾಗ ಕಳೆದುಹೋದ ಜಾಗಕ್ಕೆ ಮೇಣ ಒತ್ತಿ ಅಳತೆ ತೆಗೆದರು, ಅಚ್ಚು ಮಾಡಿದರು, ಕಟ್ಟುಹಲ್ಲಿನ ಪುಡಿ ಕಲಸಿ ತುಂಬಿ ಬೇಯಿಸಿದರು, ಉಜ್ಜಿದರು. ("ಸ್ವಲ್ಪ ಕಚ್ಚಿ ನೋಡಿ" ಎಂದು ಬಂದೂಕಿಗೂ ಹೇಳಿದ್ದಕ್ಕೆ ಹೆಂಡತಿಯೇ ಸಾಕ್ಷಿ.) ಮೂರನೆಯ ದಿನ ಎರಡೂ ಭಾಗ ಟಕ್ಕೆಂದು ಕೂತವು. ಒಂದೇ ಐಬು: ಹಲ್ಲಿನ ಸೆಟ್ಟಿನ ಸಾಮಾನು ಹಲ್ಲಿನ ಸೆಟ್ಟಿನ ಬಣ್ಣದ್ದೇ.

"ರೀ, ಇದೇನ್ರೀ ಅನ್ಯಾಯ, ನಮ್ಮಜ್ಜನ ಬಂದೂಕಿಗೆ ಒಸಡು ಬಂದಿದೆ!"

"ನಾಳೆ ಮ್ಯೂಸಿಯಮ್ಮಿನವರು ಬರೋಷ್ಟರಲ್ಲಿ ಕಪ್ಪಾಗಿರತ್ತೆ, ಸುಮ್ನಿರೇ."

ಬೂಟ್ ಪಾಲಿಶ್ ಬಳಿದು, ಒಣಗಲೆಂದು ಮಲಗುವ ಕೋಣೆಯಲ್ಲಿ ಒರಗಿಸಿ, ಮೇಷ್ಟ್ರು ನೆಮ್ಮದಿಯಾಗಿ ಕೆಲಸಕ್ಕೆ ಹೋದರು.

ಮರುದಿನ ಮ್ಯೂಸಿಯಮ್ಮಿನ ಮೇಡಂ ಬಂದರು. ಹೆಂಡತಿ ಸುತ್ತಿಟ್ಟಿದ್ದ ಬಟ್ಟೆಯನ್ನು ಬಿಚ್ಚಿದವರೇ ಮೇಷ್ಟ್ರು ಮತ್ತೆ ಮುಚ್ಚಲು ನೋಡಿದರು. ಕೊಕ್ಕು, ಮುಚ್ಚಳ ಎರಡೂ ಹಸುಗೂಸಿನ ಒಸಡಿನ ಹಾಗೆ ಗುಲಾಬಿಯಾಗಿ ನಗುತ್ತಿದ್ದವು. ಗುಜರಿಗೆಂದೇ ತಂದಿದ್ದ ಗೋಣಿಚೀಲವನ್ನು ಭಾಮೈದ ಕೈಗೆತ್ತಿಕೊಂಡ.

ಮೇಡಂ ಭೂತಗನ್ನಡಿ ಹಿಡಿದು ನೋಡಿಯೇ ನೋಡಿದರು. "ಯಾರು ಮಾಡಿದ್ದು?"

"ನಾನೇ. ತಪ್ಪಾಯ್ತು."

"ತಪ್ಪಾ? ಎಲ್ಲರೂ ಹೊಸದಕ್ಕೆ ಬಣ್ಣ ಬಳಿದು ಹಳೇದು ಅಂತ ಟೋಪಿ ಹಾಕೋಕೆ ನೋಡ್ತಾರೆ. ಅಂಥದ್ದನ್ನ ನಾವು ಮುಟ್ಟೋದೇ ಇಲ್ಲ. ಯಾವುದು ಅಜ್ಜಂದು, ಯಾವುದು ನಿಮ್ಮದು ಅಂತ ಮಗುಗೂ ಗೊತ್ತಾಗೋ ಹಾಗೆ ಬಿಟ್ಟಿದ್ದೀರಲ್ಲ, ಇದು ಪ್ರಾಮಾಣಿಕತೆ! ಖಂಡಿತ ತಗೋತೀವಿ."

ಹೆಂಡತಿಯ ಕಣ್ಣು ತುಂಬಿತು. ಮೂವತ್ತು ವರ್ಷದಲ್ಲಿ ಆಕೆ ಗಂಡನನ್ನು ಹಾಗೆ ನೋಡಿದ್ದು ಅದೇ ಮೊದಲು. ಕಾಫಿಗೆಂದು ಎದ್ದ ಆಕೆಯ ಹಿಂದೆಯೇ ಮೇಷ್ಟ್ರೂ ಅಡುಗೆಮನೆಗೆ ಹೋದರು.

"ನೀನು ಪಾಲಿಶ್ ತೆಗೀದೇ ಇದ್ದಿದ್ರೆ ಅಜ್ಜನ ಬಂದೂಕು ಗುಜರಿ ಸೇರ್ತಿತ್ತು ಕಣೇ. ಈ ಋಣ ಹೇಗೆ ತೀರಿಸ್ಲಿ? ನಿಂಗೆ ಇದೆಲ್ಲ ಹೇಗೆ ಗೊತ್ತಾಯ್ತು?"

"ಗೊತ್ತೂ ಇಲ್ಲ, ಗಿತ್ತೂ ಇಲ್ಲ. ಒಗೆದಿಟ್ಟ ಬಿಳೀ ಹೊದಿಕೆಗೆ ಒರಗಿಸಿ ಹೋಗಿದ್ರಲ್ಲ, ಮಸಿ ಮೆತ್ಕೊಂಡಿರೋದು ನೋಡಿ ಮೈ ಉರಿದು ಬಂದೂಕನ್ನೇ ತಿಕ್ಕಿದೆ. ಆಗ ನೀವು ಸಿಕ್ಕಿದ್ರೆ ನಿಮ್ಮನ್ನೂ ತಿಕ್ತಿದ್ದೆ."

ಮೇಷ್ಟ್ರು ಸೋಪು, ಹೊದಿಕೆ ಎತ್ತಿಕೊಂಡು ಬಚ್ಚಲಿಗೆ ನಡೆದರು. ಹಜಾರದಲ್ಲಿ ಮೇಡಂ, ಮೇಷ್ಟ್ರ ಪ್ರಾಮಾಣಿಕತೆಯನ್ನು ಭಾಮೈದನಿಗೆ ಇನ್ನೂ ವಿವರಿಸುತ್ತಿದ್ದರು. ಆ ಪದ ಕಿವಿಗೆ ಬಿದ್ದಾಗಲೆಲ್ಲ ಮೇಷ್ಟ್ರು ಇನ್ನಷ್ಟು ಜೋರಾಗಿ ಕುಕ್ಕಿ ಒಗೆದರು.