ಓಡದ ಪ್ರೋಗ್ರಾಂ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದೇ ಒಂದು ಇಂಗ್ಲಿಷ್ ಅಕ್ಷರ, ದುಂಡನೆಯ 'ಓ'.

ಬೀದರಿನ ನೌಬಾದದಲ್ಲಿದ್ದ ರೈತರ ಬೀಜ ಸಂಘದ ಕಂಪ್ಯೂಟರಿನ ಮುಂದೆ ಮಚ್ಛೇಂದ್ರ ಕೂತು ಆರು ತಿಂಗಳಾಗಿತ್ತು. ಅಷ್ಟೂ ದಿನ ತಾತ್ಕಾಲಿಕ ನೌಕರಿ. ಇವತ್ತು ಸಂಜೆ ಐದಕ್ಕೆ ಅವಧಿ ಮುಗಿಯುತ್ತದೆ. ಅಧ್ಯಕ್ಷ ಶಿವರಾಜಪ್ಪನವರು ರುಜು ಹಾಕಿದರೆ ಕಾಯಂ, ಹಾಕದಿದ್ದರೆ ಮನೆಯ ದಾರಿ.

ರುಜುವಿಗೆ ಒಂದೇ ಷರತ್ತಿತ್ತು. ಆ ಕುರ್ಚಿಯಲ್ಲಿ ಮೊದಲು ಕೂತಿದ್ದ ಅಬ್ದುಲ ವಾಹೀದ ಸಾಹೇಬರು ಕೆಲಸ ಬಿಟ್ಟು ಭಾಲ್ಕಿ ಸೇರುವಾಗ ಪರ್ಲ್ ಎಂಬ ಭಾಷೆಯ ಒಂದು ಪ್ರೋಗ್ರಾಂ ಬಿಟ್ಟುಹೋಗಿದ್ದರು. ಬೀಜ ಬಂದ ದಿನ ಅದನ್ನು ಓಡಿಸಿದರೆ ಎಲ್ಲ ಸದಸ್ಯರ ಮೊಬೈಲಿಗೆ 'ಬೀಜ ಬಂದಾವ, ಇವತ್ತೇ ಒಯ್ಯಿರಿ' ಎಂಬ ಸಂದೇಶ ಹೋಗುತ್ತಿತ್ತು. ಹೇಗೆ ಹೋಗುತ್ತದೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಾಗದ ತುಟ್ಟಿಯಾದ ಕಾಲದಲ್ಲಿ ಪತ್ರ ಬರೆದವರ ಹಾಗೆ ಸಾಹೇಬರು ಇಡೀ ಪ್ರೋಗ್ರಾಮನ್ನು ಒಂದೇ ಸಾಲಿನಲ್ಲಿ ತುರುಕಿದ್ದರು. ಮಚ್ಛೇಂದ್ರ ಅದನ್ನು ಬಿಡಿಸಿ, ಓದಲು ಬರುವಂತೆ ಅಚ್ಚು ಹಾಕಿ ಕೊಡಬೇಕಿತ್ತು.

ಮೊಬೈಲನ್ನು ಮನೆಯಲ್ಲೇ ಮರೆತು ಬಂದಿದ್ದ ಶಿವರಾಜಪ್ಪನವರು ಬೆಳಿಗ್ಗೆ ಹತ್ತಕ್ಕೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. "ಹುಷಾರಪಾ. ಗೋದಾಮಿನ್ಯಾಗ ಒಂದ ಚೀಲ ಬೀಜ ಇಲ್ಲ. ತಪ್ಪಿ ಮೆಸೇಜ್ ಹೋತಂದ್ರ ನಾ ಊರ ಬಿಡಬೇಕಾಗ್ತದ."

"ಓ ಹಚ್ಚಿದ್ರ ಓಡೂದಿಲ್ಲರಿ," ಎಂದ ಮಚ್ಛೇಂದ್ರ. ಅವನ ಧೈರ್ಯಕ್ಕೆ ಯಾವತ್ತೂ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಬೇರೆ ಕಡೆ.

ಓ ಎಂಬುದು ತಹಶೀಲ ಕಚೇರಿಯ ಮುಂದಿನ ಕಿಟಕಿಯ ಗುಮಾಸ್ತನಿದ್ದಂತೆ ಎಂದು ಅವನು ವಿವರಿಸಿದ. ಪ್ರೋಗ್ರಾಂ ಬಂದರೆ ಅದನ್ನು ಓಡಲು ಬಿಡದೆ ಕಿಟಕಿಯಲ್ಲೇ ಇಸಿದುಕೊಂಡು ಹಿಂದಿನ ಕೋಣೆಗೆ ದಾಟಿಸುತ್ತದೆ. ಹಿಂದೆ ಮೂವರು ಪಂಡಿತರು ಕೂತಿರುತ್ತಾರೆ. ಒಬ್ಬ ಗಂಟು ಬಿಡಿಸಿ ಚೊಕ್ಕವಾಗಿ ಬರೆದುಕೊಡುತ್ತಾನೆ, ಇನ್ನೊಬ್ಬ ಒಳಗಿನ ಹೆಜ್ಜೆಗಳನ್ನೆಲ್ಲ ಪಟ್ಟಿ ಮಾಡುತ್ತಾನೆ, ಮೂರನೆಯವನು ಯಾವ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಹೇಳುತ್ತಾನೆ.

ಮೊದಲನೆಯ ಪಂಡಿತನನ್ನು ಕರೆದ. ಕಣ್ಣು ಮಿಟುಕಿಸುವುದರೊಳಗೆ ಪರದೆ ತುಂಬ ಸಾಲುಗಳು ಇಳಿದವು, ಕೊನೆಗೆ ವ್ಯಾಕರಣ ಸರಿಯಿದೆ ಎಂಬ ಇಂಗ್ಲಿಷ್ ಷರಾ. ನಿಜವಾಗಿ ಓಡಿದ್ದರೆ ಕಡೆಯಲ್ಲಿ 'ಮುಗೀತು' ಎಂದು ಬರಬೇಕಿತ್ತು, ಬಂದಿರಲಿಲ್ಲ. ಬಾರದ ಆ ಮಾತನ್ನೇ ಮಚ್ಛೇಂದ್ರ ಸಾಕ್ಷಿಯಾಗಿ ತೋರಿಸಿದ. ಶಿವರಾಜಪ್ಪನವರಿಗೆ ಎಷ್ಟು ಸಮಾಧಾನವಾಯಿತೆಂದರೆ ಉಳಿದಿಬ್ಬರನ್ನೂ ಕರೆಯಲು ಹೇಳಿದರು. ಅವರನ್ನೂ ಕರೆದದ್ದಾಯಿತು. ಅಚ್ಚಾದ ಹಾಳೆಗಳ ನೆತ್ತಿಯ ಮೇಲೆ 'ಬಿಗಿನ್' ಎಂಬ ಪದ ಕೂತಿತ್ತು. ಮಚ್ಛೇಂದ್ರ ಅದನ್ನು ತಲೆಬರಹ ಎಂದುಕೊಂಡು ಮುಂದೆ ಹೋದ.

ಹನ್ನೊಂದೂವರೆಗೆ ಹಲಬರ್ಗಾದಿಂದ ಮೊದಲ ಜೀಪು ಬಂತು. ಬೀಜ ಎಲ್ಲಿ ಎಂದು ಕೇಳಿದವರಿಗೆ ಮಚ್ಛೇಂದ್ರ ಯಾರೋ ತಮಾಷೆ ಮಾಡಿದ್ದಾರೆ, ತಮ್ಮ ಪ್ರೋಗ್ರಾಂ ಓಡಿಯೇ ಇಲ್ಲ ಎಂದು ಪರದೆ ತೋರಿಸಿ ರುಜುವಾತು ಮಾಡಿದ. ಅವರು ಪರದೆಯನ್ನೂ ನೋಡಿದರು, ಅವನನ್ನೂ ನೋಡಿದರು, ಖಾಲಿ ಚೀಲ ಹಾಸಿ ಅಂಗಳದಲ್ಲೇ ಕೂತರು. ಆಮೇಲೆ ಭಾಲ್ಕಿ ಕಡೆಯ ಟೆಂಪೋಗಳು, ಔರಾದ ಕಡೆಯ ಟ್ರ್ಯಾಕ್ಸುಗಳು. ಒಂದು ಗಂಟೆಯ ಹೊತ್ತಿಗೆ ಎಕಂಬಾದ ರುಕ್ಮಿಣಿಬಾಯಿ ಊರ ಅರ್ಧ ಮಂದಿಯನ್ನು ಕಟ್ಟಿಕೊಂಡು ಇಳಿದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಒಂದ ಸಲ ಬಂದಿದ್ರ ಸುಳ್ಳ ಅಂತಿದ್ದೆವು," ಎಂದು ಆಕೆ ಮೊಬೈಲನ್ನು ಅಧ್ಯಕ್ಷರ ಮೂಗಿಗೆ ಹಿಡಿದಳು. "ಮೂರ ಸಲ ಬಂದದರಿ."

ಮೂವರು ಪಂಡಿತರು, ಮೂರು ಸಂದೇಶ. ಮಚ್ಛೇಂದ್ರ ಪರದೆಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದ.

ಆ ಗದ್ದಲದಲ್ಲೇ ಅಬ್ದುಲ ವಾಹೀದರೂ ಬಗಲಲ್ಲಿ ಚೀಲ ಹಿಡಿದು ಬಂದರು. ಅವರೂ ಸದಸ್ಯರೇ, ಅವರಿಗೂ ಮೂರು ಸಂದೇಶ ಹೋಗಿದ್ದವು. ಅಚ್ಚಾದ ಹಾಳೆಯನ್ನು ನೋಡಿ ಅವರಿಗೆ ಬಹಳ ಖುಷಿಯಾಯಿತು. ತಾನು ಬರೆದದ್ದು ಇಷ್ಟು ಚಂದ ಇದೆಯೆಂದು ಅವರಿಗೇ ತಿಳಿದಿರಲಿಲ್ಲವಂತೆ. ಪರ್ಲ್ ಬಿಗಿನ್ ಒಳಗಿನದನ್ನು ಓದುವಾಗಲೇ ಮಾಡಿ ಮುಗಿಸುತ್ತದೆ, ಓ ಅಡ್ಡ ಬರುವುದು ಆಮೇಲೆ ಎಂದು ತಣ್ಣಗೆ ತಿಳಿಸಿದರು.

"ಮತ್ತ ಎಲ್ಲಾ ಅದರಾಗೇ ಯಾಕ ಹಾಕಿದ್ರಿ?" ಮಚ್ಛೇಂದ್ರನ ದನಿ ಅಳುವಿನ ಅಂಚಿಗೆ ಬಂದಿತ್ತು.

"ಬಿಗಿನ್ ಅಂದ್ರ ಶುರು ಅಲ್ಲೇನು ಬೇಟಾ? ಕೆಲಸ ಶುರುವಾಗೂದೇ ಮೆಸೇಜಿಂದ. ಶುರುದಾಗ ಹಾಕದ ಮತ್ತ ಎಲ್ಲಿ ಹಾಕಲಿ? ಕಡಿಗಿ 'ಮುಗೀತು' ಅಷ್ಟ ಹೊರಗಿಟ್ಟೇನಿ."

ಶಿವರಾಜಪ್ಪನವರು ಮಚ್ಛೇಂದ್ರನ ಕಡೆ ತಿರುಗಿದರು. ಆ ನೋಟದಲ್ಲಿ ರುಜು ಇರಲಿಲ್ಲ. ಆಗಲೇ ಅವನಿಗೆ ತನ್ನ ಬದುಕಿನ ಅತ್ಯುತ್ತಮ ಉಪಾಯ ಹೊಳೆದದ್ದು. ಸಂಘದ ವಾರ್ಷಿಕ ಸಭೆ ಸಾಕಷ್ಟು ಮಂದಿ ಸೇರದೆ ಮೂರು ವರ್ಷದಿಂದ ನಿಂತುಹೋಗಿತ್ತು. ಈಗ ಅಂಗಳದಲ್ಲಿ ಬೇಕಾದದ್ದರ ಎರಡು ಪಟ್ಟು ಮಂದಿ ಇದ್ದಾರೆ. ಅವನು ಅದನ್ನು ಅಧ್ಯಕ್ಷರ ಕಿವಿಯಲ್ಲಿ ಊದಿದ.

ಅಧ್ಯಕ್ಷರ ಮುಖ ಅರಳಿತು. ಚಹಾ ಬಂತು, ಸಭೆ ಕೂಡಿತು. ಬೀಜ ಯಾವ ವಾರ ಬರುತ್ತದೆಂದು ಮಾತಾಯಿತು, ಸಿಟ್ಟು ಇಳಿಯಿತು. ಮಚ್ಛೇಂದ್ರನ ಧೈರ್ಯ ಹಿಂದಿರುಗಿತು. ಎಲ್ಲರ ಎದುರಿಗೇ ಗಟ್ಟಿಯಾಗಲೆಂದು, ಕಂಪ್ಯೂಟರ್ ಹುದ್ದೆಯನ್ನು ಕಾಯಂ ಮಾಡುವ ಠರಾವನ್ನೂ ಅವನೇ ಪಟ್ಟಿಗೆ ಸೇರಿಸಿದ. ಸೇರಿದ್ದ ಅಷ್ಟೂ ಕೈಗಳು ಮೇಲೆದ್ದವು. ಅವನು ಆನಂದದಿಂದ ಕೈಮುಗಿದ.

ಕೈ ಇಳಿಸುವ ಮೊದಲೇ ರುಕ್ಮಿಣಿಬಾಯಿ ಎದ್ದು ನಿಂತಳು. "ಮೂರ ವರ್ಷ ಕಾಗದ ಕಳಿಸಿದ್ರಿ, ಒಬ್ಬರೂ ಬರಲಿಲ್ಲ. ಸಾಹೇಬರು ಬರದಿಟ್ಟದ್ದು ನಿಲ್ಲಸ್ತೇನಂದ್ರೂ ನಿಲ್ಲಲಿಲ್ಲ, ಎಲ್ಲಾರ್ನೂ ಎಳಕೊಂಡು ಬಂತು. ಆ ಜಾಗಾಕ್ಕ ಅವರ್ನೇ ಕೂಡಸ್ರಿ."

ಕೈಗಳು ಮತ್ತೆ ಮೇಲೆದ್ದವು, ಈ ಸಲ ಕೆಲವರು ಎರಡೂ ಕೈ ಎತ್ತಿದರು. ವಾಹೀದ ಸಾಹೇಬರು ಸಂಕೋಚದಿಂದ ಬೇಡ ಬೇಡ ಎನ್ನುತ್ತಲೇ ಕಂಪ್ಯೂಟರಿನ ಮುಂದಿನ ಕುರ್ಚಿಯ ಧೂಳು ಒರೆಸಿಕೊಂಡು ಕೂತರು.

ಠರಾವು ಬರೆಯಲು ಅಕ್ಷರ ಚಂದ ಇದ್ದವರು ಬೇಕಾಯಿತು. ಸಂಘದಲ್ಲಿ ಅಂಥವನು ಮಚ್ಛೇಂದ್ರ ಒಬ್ಬನೇ. ಅವನು ನಿಂತುಕೊಂಡೇ ಬರೆದ. ಸರಿಯಾಗಿ ಐದಕ್ಕೆ ಶಿವರಾಜಪ್ಪನವರು ಪೂರ್ತಿ ಓದಿ ನೋಡಿ, ಒಂದೂ ತಪ್ಪಿಲ್ಲವೆಂದು ಅವನ ಬೆನ್ನು ತಟ್ಟಿ, ರುಜು ಹಾಕಿದರು.